ಅಚ್ಚಿಲ್ಲದ ನಾಲ್ಕು ಕಾಲು

ಹಳೇ ಮಂಚದ ಕಾಲು, ತೊಟ್ಟಿಲಿನ ಗೂಟ, ಮೆಟ್ಟಿಲಿನ ಕಟಾಂಜನ: ಇವುಗಳ ಮೇಲಿನ ಗುಂಡು, ಕೊರಳು, ಬಳೆಗಳೆಲ್ಲ ಮರ ತಿರುಗಿಸುವ ಲೇಥಿನಲ್ಲಿ ಕಡೆದವು. ಚೆಂದದ ಒಂದು ಕಾಲನ್ನು ಕಡೆಯಲು ಹೊಸಬರೂ ಬೇಗ ಕಲಿತಾರು. ಅದೇ ಅಳತೆಯ ಇನ್ನೂ ಮೂರು ತೆಗೆಯುವುದರಲ್ಲಿದೆ ಕಸುಬು.

ಮೊದಲ ಕೆಲಸ ಪೆನ್ಸಿಲಿನದು. ಚೌಕ ತುಂಡಿನ ಎರಡೂ ತುದಿಯಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ, ಅವು ಕೂಡುವಲ್ಲಿ ನಡುಬಿಂದು. ಅಡ್ಡಪಟ್ಟಿ ಕೂರುವ ತೂತನ್ನು ನಾಲ್ಕೂ ಮುಖ ನೇರವಿರುವಾಗಲೇ ಕೊರೆದಿಡುವುದು ಸಲೀಸು. ಆ ಭಾಗ ಕೊನೆಯವರೆಗೂ ಚೌಕವಾಗಿಯೇ ಉಳಿಯುತ್ತದೆ. ಚೌಕ ಮುಗಿದು ಗುಂಡು ಶುರುವಾಗುವ ಗೆರೆಯಲ್ಲೇ ಕಲಿಯುವವರ ಮರ ಹಾಳಾಗುವುದು. ಓರೆಬಾಯಿಯ ಉಳಿಯ ಚೂಪು ಮೂಲೆಯಿಂದ ಅಲ್ಲಿ ಮೊದಲು ಕಚ್ಚು ಹಾಕಿ ನಾರು ಕತ್ತರಿಸಿಕೊಂಡರೆ ಮೂಲೆ ಸಿಬಿರೇಳುವುದಿಲ್ಲ. ಆಮೇಲೆ ಗೌಜ್, ಅಂದರೆ ಬಾಗಿದ ಬಾಯಿಯ ಉಳಿ, ಹಿಡಿಯಬೇಕು. ಉಳಿ ದಪ್ಪ ಭಾಗದಿಂದ ಸಣ್ಣ ಭಾಗಕ್ಕೆ ಇಳಿಯಬೇಕು. ಏರಿಸಿದರೆ ನಾರು ಕಿತ್ತು ಬರುತ್ತದೆ. ಕೈ ಸರಿಯಿದ್ದರೆ ಹೊಟ್ಟು ಸುರುಳಿಯಾಗಿ ಹಾರುತ್ತದೆ. ಬರೀ ಪುಡಿ ಉದುರಿದರೆ ಉಳಿಗೆ ಸಾಣೆ ಬೇಕು, ಇಲ್ಲವೇ ಹಿಡಿತ ತಪ್ಪಿದೆ.

ನಾಲ್ಕು ಕಾಲು ಹೊಂದುವ ಗುಟ್ಟು ಒಂದು ತೆಳು ರೀಪಿನಲ್ಲಿದೆ. ಬಳೆ ಎಲ್ಲಿ, ಕೊರಳು ಎಲ್ಲಿ ಎಂದು ಅದರ ಅಂಚಿನಲ್ಲಿ ಗುರುತು. ಪಕ್ಕದಲ್ಲಿ ಆಯಾ ಜಾಗದ ದಪ್ಪ. ತಿರುಗುವ ಮರದ ಪಕ್ಕ ರೀಪು ಹಿಡಿದು ಪೆನ್ಸಿಲ್ ತಾಗಿಸಿದರೆ ಸುತ್ತಲೂ ಗೆರೆ ಮೂಡುತ್ತದೆ. ಪ್ರತಿ ಗೆರೆಯಲ್ಲೂ ಕಿರಿದಾದ ಉಳಿ ಇಳಿಸಿ, ಕ್ಯಾಲಿಪರ್ ಹಿಡಿದು ನೋಡಬೇಕು. 40 ಮಿ.ಮೀ. ಬೇಕಾದಲ್ಲಿ ಚೂರು ಮೊದಲೇ ನಿಲ್ಲಿಸಿದರೆ ಉಜ್ಜುಕಾಗದಕ್ಕೆ ಉಳಿಯುತ್ತದೆ. ದಪ್ಪದಲ್ಲಿ ಅರ್ಧ ಮಿ.ಮೀ. ಹೆಚ್ಚುಕಡಿಮೆಯಾದರೆ ದೂರದೂರ ನಿಂತ ಕಾಲುಗಳಲ್ಲಿ ಗೊತ್ತಾಗದು. ಬಳೆಗಳು ಮೇಲೆಕೆಳಗಾದರೆ ಮಾತ್ರ ತಕ್ಷಣ ಕಣ್ಣಿಗೆ ಹೊಡೆಯುತ್ತದೆ.

ಕೈಗವಸು, ಕೊರಳಿನ ಟವೆಲ್, ಸಡಿಲ ತೋಳು ಲೇಥಿನ ಹತ್ತಿರ ಸುಳಿಯಬಾರದು. ಸ್ವಿಚ್ ಹಾಕುವ ಮುನ್ನ ಮರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಉಳಿ ಊರುವ ಆಸರೆಗೆ ತಾಗದೆಂದು ಖಾತ್ರಿ ಮಾಡಿಕೊಳ್ಳಬೇಕು. ಉಜ್ಜುವಾಗ ಆ ಆಸರೆಯನ್ನೇ ತೆಗೆದಿಡಬೇಕು.

ಈ ಕೆಲಸ ಕಣ್ಣಾರೆ ನೋಡಬೇಕಾದರೆ ಬೆಂಗಳೂರು–ಮೈಸೂರು ಹೆದ್ದಾರಿಯ ಚನ್ನಪಟ್ಟಣಕ್ಕೆ ಹೋಗಬಹುದು. ಅಲ್ಲಿ ಬೊಂಬೆಗೆ ಕಡೆಯುವುದು ಬಿಳುಪಾದ, ನಯವಾದ ಹಾಲೆಮರವನ್ನು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಕಾವಿಗೇ ಅರಗು ಕರಗಿ ಹಿಡಿಯುತ್ತದೆ. ಭಾರ ಹೊರುವ ಮಂಚದ ಕಾಲಿಗೆ ತೇಗ, ಹಲಸು ಒಪ್ಪುತ್ತವೆ.

ಕಲಿಯುವವರು ಮೊದಲು ಅಗ್ಗದ ಮರದಲ್ಲಿ ನೇರ ದುಂಡು, ಆಮೇಲೆ ಬಳೆ, ಕೊನೆಗೆ ಕೊರಳು ರೂಢಿಸಿಕೊಳ್ಳಲಿ. ಮೊದಲ ಸ್ಟೂಲಿಗೆ ಐದು ತುಂಡು ಕೊಯ್ದಿಟ್ಟುಕೊಂಡು, ಐದನ್ನೂ ಕಡೆದು, ಚೆನ್ನಾಗಿ ಹೊಂದುವ ನಾಲ್ಕನ್ನು ಆರಿಸಿದರಾಯಿತು.