ಕಪ್ಪಿನಲ್ಲಿ ಅರಳಿದ ಬೆಳ್ಳಿ

ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಕಪ್ಪು ಬಣ್ಣದ ಹಳೆಯ ಪಾನ್‌ದಾನ್ ಇದೆಯೇ? ಅದರ ಮೇಲೆ ಮಾಸಿದ ಬಿಳಿ ಹೂಬಳ್ಳಿ ಕಾಣಿಸುತ್ತದೆಯೇ? ಹಾಗಿದ್ದರೆ ಈದ್‌ಗೆ ಮನೆ ಶುಚಿಗೊಳಿಸುವ ಭರದಲ್ಲಿ ಹುಣಸೆಹಣ್ಣು ಹಚ್ಚಿ ಅದನ್ನು ತಿಕ್ಕಬೇಡಿ. ಆ ಕಪ್ಪು ಕೊಳೆಯಲ್ಲ. ಬಹುಶಃ ಅದು ಬೀದರಿನ ಕುಶಲಕರ್ಮಿಯ ಹಲವು ದಿನಗಳ ದುಡಿಮೆ.

ಲೋಹದ ಮೈ ಕೊರೆದು ಬೆಳ್ಳಿ ಕೂರಿಸುವ ಕಲೆಯಲ್ಲಿ ಮಧ್ಯಯುಗದ ಮುಸ್ಲಿಮ್ ನಗರಗಳು ಹೆಸರುವಾಸಿಯಾಗಿದ್ದವು. ಚಿನ್ನ, ಬೆಳ್ಳಿಯ ಪಾತ್ರೆಗಳಲ್ಲಿ ಉಣ್ಣುವುದನ್ನೂ ಕುಡಿಯುವುದನ್ನೂ ಪ್ರವಾದಿ(ಸ) ನಿಷೇಧಿಸಿದ್ದರು. ಹಿತ್ತಾಳೆ, ಕಂಚಿನ ಕೆಲಸ ಬೆಳೆಯಲು ಇದೂ ಒಂದು ಕಾರಣವೆಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಅಫ್ಘಾನಿಸ್ತಾನದ ಹೆರಾತ್‌ನಲ್ಲಿ ಕ್ರಿ.ಶ. 1163ರಲ್ಲಿ ತಯಾರಾದ ಒಂದು ಬಕೆಟ್ ಇಂದು ರಷ್ಯಾದ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿದೆ. ಎರಕ ಹೊಯ್ದವನು ಮುಹಮ್ಮದ್ ಬಿನ್ ಅಬ್ದುಲ್ ವಾಹಿದ್, ಅಲಂಕರಿಸಿದವನು ಮಸ್‌ಊದ್ ಬಿನ್ ಅಹ್ಮದ್ ಎಂದು ಅದರ ಮೇಲೆಯೇ ಬರೆದಿದೆ. ಇರಾಕಿನ ಮೊಸುಲ್‌ನಲ್ಲಿ 1232ರಲ್ಲಿ ತಯಾರಾದ ಹಿತ್ತಾಳೆಯ ಹೂಜಿಯ ಮೇಲೆ ಶುಜಾ ಬಿನ್ ಮನಅ ಎಂಬಾತನ ಹೆಸರಿದೆ. ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ದುಡಿದ ಕೈಗಳನ್ನು ಗೌರವಿಸಿದ ಕಾಲವದು!

ನಮ್ಮ ನಾಡಿಗೆ ಬರೋಣ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನು ಗುಲ್ಬರ್ಗದಿಂದ ಬೀದರಿಗೆ ಬದಲಾಯಿಸಿದ. ಆ ಕಾಲದಲ್ಲಿ ಇರಾನಿನಿಂದ ವಿದ್ವಾಂಸರೂ ಕುಶಲಕರ್ಮಿಗಳೂ ಬಂದರು. ಬಿದ್ರಿ ಕಲೆ ಅವರೊಂದಿಗೇ ಬಂದಿತೆಂಬ ಪ್ರತೀತಿ ಬೀದರಿನಲ್ಲಿದೆ. ಆದರೆ ಕಪ್ಪು ಲೋಹ ಮಾತ್ರ ಇಲ್ಲಿಯದೇ ವೈಶಿಷ್ಟ್ಯ.

ಇದನ್ನು ಹೇಗೆ ತಯಾರಿಸುತ್ತಾರೆ ಗೊತ್ತೇ? ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಕರಗಿಸುತ್ತಾರೆ. ಹರಳೆಣ್ಣೆ, ರಾಳ ಬೆರೆಸಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಗೆರೆ ಸ್ಪಷ್ಟವಾಗಿ ಕಾಣಬೇಕಲ್ಲ! ಬಳಿಕ ಹೂಬಳ್ಳಿಗಳನ್ನು ಕೈಯಿಂದಲೇ ಬಿಡಿಸಿ, ಉಳಿಯಿಂದ ಕೊರೆದು, ಬೆಳ್ಳಿಯ ತಂತಿ ಅಥವಾ ತೆಳು ತಗಡನ್ನು ಬಡಿದು ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ ಎಂದು ಹೆಸರು.

ಮತ್ತೆ ಉಜ್ಜಿ ನಯಗೊಳಿಸಿದಾಗ ಒಂದು ವಿಚಿತ್ರ ನಡೆಯುತ್ತದೆ. ಸತುವೂ ಬಿಳಿ, ಬೆಳ್ಳಿಯೂ ಬಿಳಿ. ಅಷ್ಟು ದಿನಗಳ ಕೆಲಸ ಕಣ್ಣಿಗೇ ಬೀಳದು! ಆಗ ಬೀದರ್ ಕೋಟೆಯ ಮಣ್ಣು ಬೇಕು. ಬಹುಕಾಲ ಬಿಸಿಲು, ಮಳೆ ತಾಗದ ಹಳೆಯ ಕಟ್ಟಡಗಳ ಮಣ್ಣದು. ನುರಿತವರು ನಾಲಗೆಗೆ ಇಟ್ಟು ಅದರ ಗುಣ ಗುರುತಿಸುತ್ತಾರೆ. ಆ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿ ನೀರಿನಲ್ಲಿ ಪಾತ್ರೆ ಅದ್ದಿದರೆ ಸತು ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಕೊನೆಗೆ ಎಣ್ಣೆ ಸವರಿದರೆ ಕಪ್ಪಿಗೆ ಕಳೆ ಬರುತ್ತದೆ.

ಬಿದ್ರಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೀದರಿನ ಹಿರಿಯ ಕಲಾವಿದ ಷಾ ರಶೀದ್ ಅಹ್ಮದ್ ಕಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಮಹಿಳೆಯರೂ ಈ ಕೆಲಸ ಕಲಿತಿದ್ದಾರೆ. ಆದರೆ ಪ್ರಶಸ್ತಿಯಿಂದ ಮಾತ್ರ ಒಲೆ ಉರಿಯದು. ದುಡಿಮೆಗೆ ತಕ್ಕ ಬೆಲೆ ಸಿಗದಿದ್ದರೆ ಮಕ್ಕಳು ಉಳಿ ಹಿಡಿಯುವರೇ?

ಪ್ರವಾದಿ ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೃದುಗೊಳಿಸಿದನೆಂದು ಕುರ್‌ಆನ್ ತಿಳಿಸುತ್ತದೆ. ಅವರು ಸ್ವಂತ ಕೈಯ ಸಂಪಾದನೆಯಿಂದಲೇ ಉಣ್ಣುತ್ತಿದ್ದರೆಂದು ಹದೀಸ್‌ನಲ್ಲಿದೆ. ಮುಂದೆ ಬಿದ್ರಿ ಕೊಳ್ಳುವಾಗ, ಬೆಲೆ ಕೇಳಿ ಚೌಕಾಸಿಗೆ ಇಳಿಯುವ ಮುನ್ನ ಇದನ್ನು ನೆನೆಯಿರಿ.

ಮನೆಯಲ್ಲಿರುವ ಬಿದ್ರಿಯನ್ನು ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ನೀರಿನಲ್ಲಿ ನೆನೆಸಬೇಡಿ, ಹುಳಿ ತಾಗಿಸಬೇಡಿ. ಸತು ಪೆಡಸು, ಬಿದ್ದರೆ ಒಡೆಯಬಹುದು. ಪೆಟ್ಟಿಗೆಯಿಂದ ಹೊರತೆಗೆದು ಮಕ್ಕಳ ಕೈಗೂ ಕೊಡಿ. ಆ ಕಪ್ಪಿನ ಕಥೆಯನ್ನು ಅವರಿಗೆ ನೀವೇ ಹೇಳಿ.