ಮಿದುಳಿನ ವಿಷವನ್ನು ಹಿಡಿಯುವ ಔಷಧ ಬಂದಿದೆಯೇ?

ಕಂಪವಾತದಿಂದ ಬಳಲುತ್ತಿರುವ ತಂದೆಯವರೊಡನೆ ಶ್ರೀಮಠಕ್ಕೆ ಆಗಮಿಸಿದ್ದ ಸದ್ಭಕ್ತರೊಬ್ಬರು ಮೊಬೈಲಿಗೆ ಬಂದ ಸಂದೇಶವೊಂದನ್ನು ತೋರಿಸಿದರು. ‘ಮಿದುಳಿನಲ್ಲಿ ಸೇರಿದ ಆಲ್ಡಿಹೈಡ್ ಎಂಬ ವಿಷವನ್ನು ಹೀರಿ ತೆಗೆಯುವ ಔಷಧ ಇದಂತೆ. ತರಿಸೋಣವೇ?’ ಎಂಬುದು ಅವರ ಪ್ರಶ್ನೆ. ಬೆಲೆಯೇನೂ ಸಣ್ಣದಾಗಿರಲಿಲ್ಲ. ನಾನು ವೈದ್ಯನಲ್ಲ, ಓದಿ, ತಿಳಿದವರನ್ನು ಕೇಳಿ ಉತ್ತರಿಸುವೆನೆಂದೆ. ಅದೇ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಇರಬಹುದಾದ್ದರಿಂದ ತಿಳಿದುಕೊಂಡದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಸಂದೇಶದಲ್ಲಿ ಹೇಳಿದ ವಿಷ ಕಟ್ಟುಕಥೆಯಲ್ಲ. ಬಾಣಲೆಯ ಎಣ್ಣೆ ಮಿತಿಮೀರಿ ಕಾದು ಹೊಗೆಯಾಡಿದಾಗ ಕಣ್ಣು ಉರಿಯುತ್ತದೆಯಲ್ಲವೇ? ಆ ಉರಿಗೆ ಮುಖ್ಯ ಕಾರಣ ಅಕ್ರೋಲಿನ್ ಎಂಬ ಆಲ್ಡಿಹೈಡ್. ಬೀಡಿ ಸಿಗರೇಟುಗಳ ಹೊಗೆಯಲ್ಲಿಯೂ ಅದು ಇದೆ. ಹೊರಗಿನಿಂದ ಬರುವುದು ಮಾತ್ರವಲ್ಲ, ನಮ್ಮ ಜೀವಕೋಶಗಳ ಪೊರೆಯಲ್ಲಿರುವ ಕೊಬ್ಬು ಆಮ್ಲಜನಕದ ದಾಳಿಗೆ ಸಿಕ್ಕಿ ಕೆಟ್ಟಾಗಲೂ ಇದೂ ಇದರ ದಾಯಾದಿಗಳೂ ದೇಹದೊಳಗೇ ಹುಟ್ಟುತ್ತವೆ. ಹಳೆಯ ಎಣ್ಣೆ ಕಮಟು ಹಿಡಿಯುವಂತಹುದೇ ಕ್ರಿಯೆ ಅದು. ಹೀಗೆ ಹುಟ್ಟಿದ ಆಲ್ಡಿಹೈಡುಗಳು ಕೋಶದ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಕೆಲಸವನ್ನು ಕೆಡಿಸುತ್ತವೆ.

ಕಂಪವಾತದಲ್ಲಿ ಇದಕ್ಕೊಂದು ವಿಶೇಷ ಸಂಬಂಧವುಂಟು. ನಮ್ಮ ಚಲನೆಯನ್ನು ನಿಯಂತ್ರಿಸುವ ಡೋಪಮೈನ್ ನರಕೋಶದೊಳಗೆ ವಿಘಟನೆಯಾಗುವಾಗ ನಡುವಿನ ಒಂದು ಹಂತದಲ್ಲಿ ಆಲ್ಡಿಹೈಡ್ ಆಗುತ್ತದೆ. ಆರೋಗ್ಯವಂತರಲ್ಲಿ ಒಂದು ಕಿಣ್ವ ಅದನ್ನು ಒಡನೆಯೇ ನಿರಪಾಯಕಾರಿಯಾಗಿ ಮಾರ್ಪಡಿಸುತ್ತದೆ. ಕಂಪವಾತದಿಂದ ಮೃತರಾದವರ ಮಿದುಳನ್ನು ಪರೀಕ್ಷಿಸಿದಾಗ, ಉಳಿದ ಡೋಪಮೈನಿಗೆ ಹೋಲಿಸಿದರೆ ಈ ಆಲ್ಡಿಹೈಡಿನ ಪಾಲು ಹೆಚ್ಚಿದ್ದುದು ಕಂಡುಬಂದಿದೆ. ರೋಗಕ್ಕೆ ಇದೇ ಮೂಲವೋ, ರೋಗದಿಂದಾದ ಫಲವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಹಾಗಾದರೆ ಆಲ್ಡಿಹೈಡನ್ನು ಹಿಡಿದು ಕಟ್ಟಿಹಾಕುವ ಔಷಧವೇ ಇಲ್ಲವೇ? ಇದೆ, ಬಹುಕಾಲದಿಂದ ಇದೆ. ಅದರ ಹೆಸರು ಮೆಸ್ನಾ. ಸೈಕ್ಲೋಫಾಸ್ಫಮೈಡ್ ಎಂಬ ಕ್ಯಾನ್ಸರ್ ಔಷಧ ದೇಹದಲ್ಲಿ ವಿಘಟನೆಯಾಗುವಾಗ ಅಕ್ರೋಲಿನ್ ಉಂಟಾಗಿ ಮೂತ್ರಕೋಶವನ್ನು ಸೇರುತ್ತದೆ. ಅಲ್ಲಿನ ಒಳಪದರವನ್ನು ಸುಟ್ಟು ರಕ್ತಸ್ರಾವವಾಗುವಂತೆ ಮಾಡುತ್ತದೆ. ದೊಡ್ಡ ಪ್ರಮಾಣದಲ್ಲಿ ಆ ಔಷಧ ಕೊಡುವಾಗ ಮೆಸ್ನಾವನ್ನೂ ಕೊಡುವುದು ಇದಕ್ಕಾಗಿ. ಅದರ ನಡೆಯೇ ಸೋಜಿಗ. ರಕ್ತದಲ್ಲಿ ಎರಡೆರಡು ಅಣುಗಳು ಜೋಡಿಯಾಗಿ ನಿಷ್ಕ್ರಿಯವಾಗಿ ಸಾಗುತ್ತವೆ. ಮೂತ್ರಪಿಂಡದಲ್ಲಿ ಜೋಡಿ ಬಿಚ್ಚಿಕೊಳ್ಳುತ್ತದೆ. ಆಗ ಅದರ ಗಂಧಕದ ತುದಿ ಅಕ್ರೋಲಿನನ್ನು ಹಿಡಿದು ಮೂತ್ರದೊಡನೆ ಹೊರಹಾಕುತ್ತದೆ. ರಕ್ತದಲ್ಲಿ ಸುಮ್ಮನಿರುವುದರಿಂದ ಕ್ಯಾನ್ಸರ್ ಔಷಧದ ಕೆಲಸಕ್ಕೆ ಅಡ್ಡಿಯಾಗುವುದಿಲ್ಲ.

ಆದರೆ ಇಲ್ಲಿ ವಿಷ ಯಾವುದು, ಯಾವಾಗ ಬರುತ್ತದೆ, ಎಲ್ಲಿ ಸೇರುತ್ತದೆ ಎಂಬುದು ಮೊದಲೇ ಗೊತ್ತು. ಮಿದುಳಿನಲ್ಲಿ ಹಾಗಲ್ಲ. ರಕ್ತದಿಂದ ಮಿದುಳಿಗೆ ಎಲ್ಲ ಔಷಧಗಳೂ ದಾಟಲಾರವು. ಹಾನಿಯೂ ಒಂದು ದಿನದ್ದಲ್ಲ, ಹತ್ತಾರು ವರ್ಷಗಳದು. ಕೈ ನಡುಗುವ ಹೊತ್ತಿಗೆ ಡೋಪಮೈನ್ ನರಕೋಶಗಳಲ್ಲಿ ಅನೇಕವು ಅಳಿದಿರುತ್ತವೆ. ಇವೆಲ್ಲಕ್ಕಿಂತ ಕಠಿಣವಾದ ತೊಡಕೆಂದರೆ, ಎಲ್ಲ ಆಲ್ಡಿಹೈಡುಗಳೂ ಶತ್ರುಗಳಲ್ಲ. ಕಣ್ಣಿಗೆ ಬೆಳಕು ಕಾಣಿಸುವ ‘ಎ’ ಜೀವಸತ್ವದ ರೂಪವೂ ಆಲ್ಡಿಹೈಡೇ, ‘ಬಿ6’ ಜೀವಸತ್ವದ ಸಕ್ರಿಯ ರೂಪವೂ ಆಲ್ಡಿಹೈಡೇ. ಕ್ಷಯರೋಗಿಗಳಿಗೆ ಐಸೋನಿಯಜಿಡ್ ಮಾತ್ರೆಯ ಜೊತೆಗೆ ಬಿ6 ಮಾತ್ರೆಯನ್ನೂ ಕೊಡುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. ಐಸೋನಿಯಜಿಡ್ ಆ ಜೀವಸತ್ವಕ್ಕೆ ಅಂಟಿಕೊಂಡು ಅದನ್ನು ಕಳೆಯುವುದರಿಂದ ಕೈಕಾಲು ಜೋಮು ಹಿಡಿಯುತ್ತದೆ, ಅದಕ್ಕೇ ಈ ಜೋಡಿ ಮಾತ್ರೆ. ರಕ್ತದೊತ್ತಡದ ಹಳೆಯ ಔಷಧ ಹೈಡ್ರಲಜೀನ್ ಅಕ್ರೋಲಿನನ್ನು ಹಿಡಿಯುತ್ತದೆ, ಬೆನ್ನುಹುರಿಗೆ ಪೆಟ್ಟಾದ ಪ್ರಾಣಿಗಳಲ್ಲಿ ಹಾನಿಯನ್ನು ತಗ್ಗಿಸಿದೆ. ಅದಕ್ಕೂ ಬಿ6 ಕಳೆಯುವ ಇದೇ ದೋಷವಿದೆ.

ಈ ಉದ್ದೇಶಕ್ಕೆಂದೇ ರೂಪಿಸಿದ ಔಷಧಗಳಲ್ಲಿ ಬಹಳ ಮುಂದೆ ಬಂದದ್ದು ಅಮೆರಿಕದ ಆಲ್ಡಿಯಾರಾ ಕಂಪನಿಯ ರೆಪ್ರೊಕ್ಸಲಾಪ್. ಅದು ಮಿದುಳಿಗಲ್ಲ, ಒಣಗಣ್ಣಿನ ತೊಂದರೆಗೆ ಹಾಕುವ ಹನಿ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2023ರಲ್ಲಿ ಒಮ್ಮೆ, 2025ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ, ಪರಿಣಾಮಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಒಪ್ಪಿಗೆ ನಿರಾಕರಿಸಿತು. ಕಣ್ಣಿನ ಹೊರಗಿನ ಹನಿಗೇ ಇಷ್ಟು ಪರೀಕ್ಷೆಯಿರುವಾಗ, ಮಿದುಳಿನ ವಿಷ ತೆಗೆಯುವೆನೆಂದು ಅಂಚೆಯಲ್ಲಿ ಬರುವ ಶೀಷೆಯನ್ನು ನಂಬುವುದು ಹೇಗೆ?

ಹೊರಗಿನಿಂದ ಬರುವ ಆಲ್ಡಿಹೈಡನ್ನು ಕಡಿಮೆ ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ. ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶಗಳ ಒಟ್ಟು ಪ್ರಮಾಣ ಶೇಕಡಾ 25 ಮೀರಿದರೆ ಅದನ್ನು ಬಳಸಬಾರದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಜಾತ್ರೆಯ ದಾಸೋಹಕ್ಕೆ ದೊಡ್ಡ ಬಾಣಲೆಗಳಲ್ಲಿ ಕರಿಯುವ ಸೇವಾಕರ್ತರು ಕಪ್ಪಾದ, ನೊರೆಯೇಳುವ ಎಣ್ಣೆಯನ್ನು ಮರುದಿನಕ್ಕೆ ಉಳಿಸಬಾರದೆಂದು ಕೋರುತ್ತೇನೆ. ಇದರಿಂದ ಕಂಪವಾತ ಗುಣವಾಗುತ್ತದೆಂದು ನಾನು ಹೇಳುತ್ತಿಲ್ಲ.

ಆ ಭಕ್ತರು ಮುಂದಿನ ವಾರ ಬಂದಾಗ, ಆ ಔಷಧಕ್ಕೆ ಹಣ ಕಳುಹಿಸಬೇಡಿರೆಂದು ತಿಳಿಸಿದೆ. ಸಂದೇಶವನ್ನು ನಂಬಿ ತಂದೆಯವರ ಲೆವೊಡೋಪಾ ಮಾತ್ರೆಯನ್ನು ಎರಡು ದಿನದಿಂದ ಅರ್ಧಕ್ಕೆ ಇಳಿಸಿದ್ದುದಾಗಿ ಅವರು ಆಗ ಸಂಕೋಚದಿಂದ ಹೇಳಿದರು. ಆ ಮಾತ್ರೆಯನ್ನು ತಾವಾಗಿಯೇ ಇಳಿಸುವುದೂ ಹಠಾತ್ತನೆ ನಿಲ್ಲಿಸುವುದೂ ಅಪಾಯ. ಅವರು ಅಲ್ಲಿಂದಲೇ ನರರೋಗ ವೈದ್ಯರಿಗೆ ಫೋನ್ ಮಾಡಿದರು.