ಸೂಜಿ ಯಾರ ಕೈಯಲ್ಲಿ?

ಉಮ್ಮನನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ ವಾರ್ಡಿಗೆಲ್ಲ ಇದ್ದದ್ದು ಒಬ್ಬರೇ ನರ್ಸ್. ಪಾಪ, ಕುಳಿತದ್ದನ್ನು ನಾನು ಕಾಣಲಿಲ್ಲ. ಇನ್ಸುಲಿನ್ ಸಿರಿಂಜು ಹಿಡಿದು ಬಂದದ್ದು ಆಯಾ. "ಹತ್ತು ಯುನಿಟ್ ಕೊಡಲು ಸಿಸ್ಟರ್ ಹೇಳಿದ್ದಾರೆ" ಎಂದರು. ನಾನು ತಡೆದೆ.

ಆಯಾರ ಮೇಲೆ ನನಗೆ ತಾತ್ಸಾರವಿಲ್ಲ. ಉಮ್ಮನ ಮೈ ಒರೆಸಿ, ಹಾಸಿಗೆ ಬದಲಿಸಿದವರು ಅವರೇ. ಆದರೆ ಇನ್ಸುಲಿನ್ ವಿಷಯವೇ ಬೇರೆ. ಮಿಲಿಲೀಟರಿಗೆ 40 ಯುನಿಟ್ ಇರುವ ಬಾಟಲಿಯೂ ಇದೆ, 100 ಯುನಿಟ್ ಇರುವುದೂ ಇದೆ. ಸಿರಿಂಜುಗಳೂ ಹಾಗೆಯೇ. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ ಹತ್ತರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 25 ಯುನಿಟ್! ಸಕ್ಕರೆ ಕುಸಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು.

ಎ.ಎನ್.ಎಂ. 2 ವರ್ಷ, ಜಿ.ಎನ್.ಎಂ. 3 ವರ್ಷ, ಬಿ.ಎಸ್ಸಿ. ನರ್ಸಿಂಗ್ 4 ವರ್ಷದ ಕಲಿಕೆ. ಕಲಿತದ್ದಕ್ಕೆ ತಕ್ಕ ಕೆಲಸವಿದೆ. ನರ್ಸ್ ಕೆಲಸ ಹಂಚುವುದು ತಪ್ಪೇನಲ್ಲ, ಹಂಚದೆ ವಾರ್ಡು ನಡೆಯದು. ಆದರೆ ಕೆಲಸದ ಹೆಸರು ನೋಡಿದರೆ ಸಾಲದು, ರೋಗಿಯನ್ನೂ ನೋಡಬೇಕು. ಚೇತರಿಸಿಕೊಂಡವರಿಗೆ ಗಂಜಿ ಕುಡಿಸಲು ಆಯಾ ಸಾಕು. ಪಾರ್ಶ್ವವಾಯು ಬಡಿದು ನುಂಗಲಾಗದವರಿಗೆ ಅದೇ ಗಂಜಿ ಶ್ವಾಸಕೋಶಕ್ಕೆ ಇಳಿದೀತು. ಕೆಲಸ ವಹಿಸಿಕೊಟ್ಟ ಮೇಲೂ ಹೇಗೆ ನಡೆಯಿತೆಂದು ನೋಡುವ ಹೊಣೆ ನರ್ಸಿನದೇ.

ನನ್ನ ಮಾತಿಗೆ ಸಿಸ್ಟರ್ ಬಂದರು, ಸ್ವಲ್ಪ ಸಿಡುಕಿನಿಂದಲೇ. ಉಮ್ಮ ರಾತ್ರಿ ಊಟವನ್ನೇ ಮಾಡಿಲ್ಲವೆಂದು ಅವರಿಗೆ ತಿಳಿದದ್ದು ಆಗಲೇ. ಸಿರಿಂಜನ್ನು ಟ್ರೇಯಲ್ಲಿಟ್ಟು ಡಾಕ್ಟರಿಗೆ ಫೋನ್ ಮಾಡಿದರು.